ಒಂದನೇ ಮಡಿಯ ಉಪವಾಸ

ಮೊನ್ನೆ ತಾರಸಿಯ ಕುಂಡಗಳಿಗೆಂದು ಒಂದು ಚೀಲ ಗೊಬ್ಬರ ತರಿಸಿದೆ. ಚೀಲದ ಮೇಲೆ ಹಸಿರು ಎಲೆಯ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ‘ಶುದ್ಧ ಸಾವಯವ’. ಬಾಯಿ ಬಿಚ್ಚಿ ಮೂಗಿನ ಹತ್ತಿರ ಹಿಡಿದರೆ ವಾಸನೆಯೇ ಇಲ್ಲ. ಇನ್ನೊಮ್ಮೆ ಹಿಡಿದೆ. ಆಗಲೂ ಇಲ್ಲ. “ವಾಸನೆ ಬರಲ್ಲ ಮೇಡಂ, ಅದೇ ಇದರ ಸ್ಪೆಷಲ್,” ಎಂದು ತಂದವನು ಹೆಮ್ಮೆಯಿಂದ ಹೇಳಿದ. ಮೂವತ್ತು ವರ್ಷ ಹಳ್ಳಿಹಳ್ಳಿ ತಿರುಗಿ ಗೊಬ್ಬರದ ಪಾಠ ಹೇಳಿದವಳಿಗೆ ಇವನು ಪಾಠ ಹೇಳುತ್ತಾನಲ್ಲ ಎಂದು ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಮನೆಮಂದಿಗೆಲ್ಲ ಗೊತ್ತು. ಆದರೆ ಮೊನ್ನೆ ಅದು ಬಂದಷ್ಟೇ ಬೇಗ ಇಳಿದುಹೋಯಿತು. ವಾಸನೆಯಿಲ್ಲದ ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು ನಿಂತಾಗ ನನಗೆ ಹಾಲಮ್ಮನವರ ತಿಪ್ಪೆ ನೆನಪಾಯಿತು. ಮಳೆ ಹೊಯ್ದು ಹೊಳವಾಗಿ ಬಿಸಿಲು ಹತ್ತಿದ ಮೇಲೆ ಆ ತಿಪ್ಪೆಯಿಂದ ಏಳುತ್ತಿದ್ದ ಬೆಚ್ಚನೆಯ, ತುಸು ಹುಳಿ ಬೆರೆತ ವಾಸನೆ ನಲವತ್ತು ವರ್ಷ ದಾಟಿ ಬಂದು ನನ್ನ ಎದುರು ನಿಂತಿತು.

ಅದು ಎಪ್ಪತ್ತರ ದಶಕದ ಕೊನೆ. ನನಗೆ ಇಪ್ಪತ್ತೆರಡು ವರ್ಷ. ಜಗಳೂರಿನಲ್ಲಿ ನಮ್ಮಪ್ಪ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದರು. ನಮ್ಮ ಓಣಿಯಿಂದ ಸರ್ಕಾರಿ ನೌಕರಿಗೆ ಹೊರಟ ಮೊದಲ ಹೆಣ್ಣು ನಾನೇ. ಗ್ರಾಮಸೇವಕಿ ಎಂದು ಆದೇಶ ಬಂದಿತ್ತು. ಜಾಗ ನ್ಯಾಮತಿ. ಆಗ ಅದು ಹೊನ್ನಾಳಿ ತಾಲೂಕಿನ ಒಂದು ದೊಡ್ಡ ಊರು ಅಷ್ಟೇ. ಅಪ್ಪ ಒಂದು ಹಳೆಯ ಲೇಡೀಸ್ ಸೈಕಲ್ಲನ್ನು ಬಿಚ್ಚಿ, ತೊಳೆದು, ಹೊಸದಾಗಿ ಜೋಡಿಸಿ ಬಸ್ಸಿನ ಮೇಲೆ ಕಟ್ಟಿಸಿದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, “ನೌಕರಿ ಗಟ್ಟಿ ಆಗೋ ತನಕ ಬಾಯಿ ಜೋರು ಮಾಡಬ್ಯಾಡ,” ಎಂದರು. ಒಂದು ವರ್ಷದ ಪ್ರೊಬೇಷನ್. ಆ ವರ್ಷದಲ್ಲಿ ಮೇಲಿನವರಿಗೆ ಕೆಲಸ ಒಪ್ಪಿಗೆಯಾದರೆ ನೌಕರಿ, ಇಲ್ಲದಿದ್ದರೆ ಅದೇ ಸೈಕಲ್ಲು, ಅದೇ ಬಸ್ಸು, ಅದೇ ಓಣಿ. ಓಣಿಯವರು ನಾನು ವಾಪಸು ಬರುವುದನ್ನೇ ಕಾಯುತ್ತಿದ್ದಾರೆ ಎಂದು ನನಗೆ ಗಟ್ಟಿ ನಂಬಿಕೆಯಿತ್ತು.

ಜಗಳೂರಿನಲ್ಲಿ ಮಳೆ ಕರೆದರೂ ಬರುತ್ತಿರಲಿಲ್ಲ. ಇಲ್ಲಿ ಕರೆಯದೆಯೂ ಬರುತ್ತಿತ್ತು. ಬಂದ ಮೂರನೆಯ ದಿನವೇ, ನ್ಯಾಮತಿಯಿಂದ ಎರಡು ಮೈಲಿ ಆಚೆಯ ಹಳ್ಳಿಯೊಂದಕ್ಕೆ ಹೋಗುವ ಗಾಡಿದಾರಿಯಲ್ಲಿ ನನ್ನ ಸೈಕಲ್ಲು ಎರೆಮಣ್ಣಿನಲ್ಲಿ ಸಿಕ್ಕಿಕೊಂಡಿತು. ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿಕೊಂಡು ಗಾಲಿ ಅಲುಗಾಡದು. ಮಳೆಯಲ್ಲಿ ನೆನೆಯುತ್ತ, ಅಳು ಬರುವ ಹೊತ್ತಿಗೆ, ಬೇಲಿಯ ಆ ಕಡೆಯಿಂದ ಒಬ್ಬ ಹೆಂಗಸು ಬಂದರು. ಐವತ್ತು ದಾಟಿದ ವಯಸ್ಸು, ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಗೋಣಿಯ ಕೊಪ್ಪೆ.

“ಯಾರ ಮನೆ ಮಗಳವ್ವ ನೀನು? ಸೈಕಲ್ ಮ್ಯಾಲೆ ನೀನು ಕೂರಬೇಕೋ, ನಿನ್ನ ಮ್ಯಾಲೆ ಸೈಕಲ್ ಕೂರಬೇಕೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೇಲಿಯ ಕಡ್ಡಿಯೊಂದನ್ನು ಮುರಿದು ಮಡ್‌ಗಾರ್ಡಿನ ಮಣ್ಣು ಕೆರೆಯತೊಡಗಿದರು. ಅವರೇ ಹಾಲಮ್ಮ. ಕೆರೆದ ಮಣ್ಣನ್ನು ದಾರಿಗೆ ಎಸೆಯಲಿಲ್ಲ, ಬೇಲಿ ದಾಟಿಸಿ ತಮ್ಮ ಹೊಲಕ್ಕೇ ಹಾಕಿದರು. “ನಮ್ಮದೇ ಮಣ್ಣು, ನಿನ್ನ ಸೈಕಲ್ ಹತ್ತಿ ಊರು ಬಿಡಾಕೆ ಹೊಂಟಿತ್ತು ನೋಡು,” ಎಂದು ನಕ್ಕರು.

ಭತ್ತ, ಜೋಳ ಗಂಡಸು ಗ್ರಾಮಸೇವಕರ ಪಾಲು. ಕೈತೋಟ, ತರಕಾರಿ ನಮ್ಮ ಪಾಲು. ಆ ವರ್ಷ ನನಗೆ ಬಂದ ಮುಖ್ಯ ಕೆಲಸ ಒಂದು ಪ್ರಾತ್ಯಕ್ಷಿಕೆ. ಅಂದರೆ, ಯಾವ ಗೊಬ್ಬರಕ್ಕೆ ತರಕಾರಿ ಹೇಗೆ ಬೆಳೆಯುತ್ತದೆ ಎಂದು ರೈತರ ಹೊಲದಲ್ಲೇ ಬೆಳೆದು ತೋರಿಸುವುದು. ಯೂರಿಯಾ, ಸೂಪರ್ ಫಾಸ್ಫೇಟ್, ಪೊಟ್ಯಾಷ್ ಆಗಿನ್ನೂ ಹಳ್ಳಿಗಳಿಗೆ ಹೊಸ ನೆಂಟರು. ಜನ ಅವಕ್ಕೆಲ್ಲ ಸೇರಿಸಿ ‘ಸರ್ಕಾರಿ ಗೊಬ್ಬರ’ ಎನ್ನುತ್ತಿದ್ದರು. ಕೆಲವರು ಕಣ್ಣುಮುಚ್ಚಿ ಸುರಿಯುತ್ತಿದ್ದರು, ಕೆಲವರು ಮುಟ್ಟಿದರೆ ಕೈ ತೊಳೆಯುತ್ತಿದ್ದರು. ನನ್ನ ಪ್ರಾತ್ಯಕ್ಷಿಕೆ ಸರಿಯಾಗಿ ಬಂದರೆ ಪ್ರೊಬೇಷನ್ ಮುಗಿಯುತ್ತದೆ ಎಂದು ವಿಸ್ತರಣಾಧಿಕಾರಿಗಳು ಮೊದಲೇ ಹೇಳಿದ್ದರು. ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಬಡಕಲು ಮೈ, ಕಡಿಮೆ ಮಾತು, ಬಿಸಿಲಿದ್ದರೂ ಮೋಡವಿದ್ದರೂ ಕಂಕುಳಲ್ಲಿ ಒಂದು ಛತ್ರಿ.

ಜಾಗಕ್ಕೆಂದು ನಾನು ನೇರ ಹಾಲಮ್ಮನವರ ಹತ್ತಿರ ಹೋದೆ. ಅವರ ಬದನೆಕಾಯಿಗೆ ನ್ಯಾಮತಿಯ ಸಂತೆಯಲ್ಲಿ ಹೆಸರಿತ್ತು. ಬಾವಿಯಿತ್ತು, ಅದಕ್ಕೆ ಡೀಸೆಲ್ ಎಂಜಿನ್ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆ ತಿಪ್ಪೆಯಿತ್ತು. ಮನೆಯ ಹಿಂದೆ ಆಳೆತ್ತರದ ಗುಂಡಿ. ದಿನದ ಸಗಣಿ, ಗಂಜಲ ಹೀರಿದ ಹುಲ್ಲು, ಒಲೆಯ ಬೂದಿ, ಎಲ್ಲವನ್ನೂ ಪದರ ಪದರವಾಗಿ ಹಾಸಿ ಮೇಲೆ ಮಣ್ಣು ಮುಚ್ಚುತ್ತಿದ್ದರು. ಸೊಸೆಯಂದಿರಿಗೆ ಒಳಮನೆಯ ಬೀಗದಕೈ ಕೊಟ್ಟಿದ್ದರು, ತಿಪ್ಪೆಯ ಉಸ್ತುವಾರಿ ಮಾತ್ರ ಕೊಟ್ಟಿರಲಿಲ್ಲ.

ಬಾವಿಯ ಪಕ್ಕದ ಪಟ್ಟಿಯಲ್ಲಿ ನಾಲ್ಕು ಮಡಿ ಅಳೆದೆವು. ನಾನು ಹಗ್ಗ ಹಿಡಿದು ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ ವಿವರಿಸಿದೆ. “ಒಂದನೇ ಮಡಿಗೆ ಏನೂ ಹಾಕಂಗಿಲ್ಲ. ಎರಡನೇದಕ್ಕೆ ನಿಮ್ಮ ತಿಪ್ಪೆಗೊಬ್ಬರ. ಮೂರನೇದಕ್ಕೆ ಸರ್ಕಾರಿ ಗೊಬ್ಬರ. ನಾಲ್ಕನೇದಕ್ಕೆ ಎರಡೂ, ಅರ್ಧರ್ಧ.”

ಹಾಲಮ್ಮ ಒಂದನೇ ಮಡಿಯನ್ನೇ ನೋಡುತ್ತಿದ್ದರು. “ಇದಕ್ಕೆ ಏನೂ ಇಲ್ಲ?”

“ಏನೂ ಇಲ್ಲ ದೊಡ್ಡಮ್ಮ. ನೀರು ಮಾತ್ರ.”

“ಅದೇನು ತಪ್ಪು ಮಾಡೈತೆ?”

“ತಪ್ಪಲ್ಲ. ಅದು ಹೋಲಿಸಿ ನೋಡಾಕೆ. ಒಂದನ್ನ ಹಂಗೇ ಬಿಟ್ರೆ ತಾನೆ ಮಿಕ್ಕ ಮೂರರ ಗುಣ ಗೊತ್ತಾಗೋದು?”

“ಓದಿದೋಳು ನೀನು. ನೀನು ಹೇಳಿದಂಗೆ ಆಗ್ಲಿ,” ಎಂದರು. ಅವರ ದನಿಯಲ್ಲಿ ಒಪ್ಪಿಗೆಯಿತ್ತು. ಮುಖದಲ್ಲಿ ಇರಲಿಲ್ಲ. ಅದನ್ನು ನೋಡುವ ಪುರಸೊತ್ತು ನನಗಿರಲಿಲ್ಲ, ಗೂಟ ಹೊಡೆಯುವುದರಲ್ಲಿದ್ದೆ.

ಆ ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಮನೆಮಂದಿ, ಆಳುಗಳು ಸೇರಿ ಹದಿಮೂರು ಜನ ಒಂದೇ ಸಾಲಿನಲ್ಲಿ ಕೂತಿದ್ದೆವು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಅಗಸಿ ಚಟ್ನಿ. ಕೊನೆಗೆ ಕಿರಿಯ ಸೊಸೆ ಮೊಸರಿನ ಗಡಿಗೆ ತಂದು, ನಾನು ಅತಿಥಿಯೆಂದು ನನ್ನ ತಾಟಿಗೆ ಗಟ್ಟಿ ಮೊಸರು ಹಾಕಿ, ಗಡಿಗೆ ಒಳಗೆ ಒಯ್ಯುತ್ತಿದ್ದಳು. ಹಾಲಮ್ಮ ಅವಳ ಕೈಯಿಂದ ಗಡಿಗೆ ಇಸಿದುಕೊಂಡರು. ಗದರಲಿಲ್ಲ. ಉಳಿದ ಮೊಸರಿಗೆ ಒಂದು ತಂಬಿಗೆ ನೀರು ಹಾಕಿ, ಕಡೆದು, ಕೊನೆಯಲ್ಲಿ ಕೂತ ಆಳಿನಿಂದ ಹಿಡಿದು ನನ್ನವರೆಗೂ ಎಲ್ಲರಿಗೂ ಮಜ್ಜಿಗೆ ಬಡಿಸಿದರು. “ಕಡೇ ತಾಟಿಗೆ ಮುಟ್ಟಾಂಗಿದ್ರೆ ಮೊದ್ಲನೇ ತಾಟಿಗೆ ಹಾಕು. ಪಂಕ್ತಿಭೇದ ಮಾಡಿದ ಮನೇಲಿ ಅನ್ನ ನಿಲ್ಲಲ್ಲ,” ಎಂದು ಸೊಸೆಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಎಷ್ಟು ಒಳ್ಳೆಯ ಮನೆ ಎಂದುಕೊಂಡು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ನನ್ನ ದಾಖಲೆ ಪುಸ್ತಕದಲ್ಲಿ ಆ ದಿನ ನಾನು ಬರೆದದ್ದು ಮಡಿಗಳ ಉದ್ದ, ಅಗಲ.

ಸಸಿ ನಾಟಿಯಾಯಿತು. ನಾನು ಮಂಗಳವಾರ, ಶುಕ್ರವಾರ ತಪ್ಪದೆ ಹೋಗಿ ಗಿಡದ ಎತ್ತರ ಅಳೆದು, ಎಲೆ ಎಣಿಸಿ ಬರೆದುಕೊಳ್ಳುತ್ತಿದ್ದೆ. ಮೊದಲ ತಿಂಗಳು ಎಲ್ಲವೂ ನಾನು ಕಲಿತಂತೆಯೇ ನಡೆಯಿತು. ಮೂರನೇ ಮಡಿ ದಿನದಿಂದ ದಿನಕ್ಕೆ ಕಪ್ಪು ಹಸಿರಾಗಿ ಎದ್ದಿತು. ಎರಡನೇದು ನಿಧಾನ. ಒಂದನೇದು ಬಡಕಲು, ಎಲೆ ತಿಳಿಹಳದಿ. ದಾರಿಯಲ್ಲಿ ಹೋಗುವವರು ನಿಂತು ಮೂರನೇ ಮಡಿ ನೋಡಿ, “ಏನ್ ಮೇಡಮ್ಮೋರೆ, ಇವು ಸರ್ಕಾರಿ ಗಿಡವೇನ್ರೀ, ಹಿಂಗೆ ಕೊಬ್ಬಿದಾವೆ!” ಎಂದು ತಮಾಷೆ ಮಾಡುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ.

ಆಮೇಲೆ ಶ್ರಾವಣದ ಮಳೆ ಹಿಡಿಯಿತು. ನ್ಯಾಮತಿಗೂ ಆ ಹಳ್ಳಿಗೂ ನಡುವೆ ಇದ್ದ ಹಳ್ಳ ತುಂಬಿ ಹರಿದು ಎರಡು ವಾರ ದಾಟಲಾಗಲಿಲ್ಲ. ಹಳ್ಳ ತುಂಬುವ ಮುಂಚೆಯೇ ಮೇಲುಗೊಬ್ಬರದ ಯೂರಿಯಾವನ್ನು ತೂಗಿ, ಪೊಟ್ಟಣ ಕಟ್ಟಿ, ಮೂರು ಮತ್ತು ನಾಲ್ಕನೇ ಮಡಿಯ ನಂಬರು ಬರೆದು ಹಾಲಮ್ಮನವರ ಕೈಗೆ ಕೊಟ್ಟಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಹಳ್ಳ ಇಳಿದ ಮೇಲೆ ಹೋಗಿ ನೋಡಿದರೆ ಒಂದನೇ ಮಡಿ ಚಿಗುರಿತ್ತು. ಎಲೆಯ ಹಳದಿ ಹೋಗಿತ್ತು. ಮುಂದಿನ ವಾರ ಹೂ. ಅದರ ಮುಂದಿನ ವಾರ ಎರಡನೇ ಮಡಿಗೂ ಒಂದನೇ ಮಡಿಗೂ ವ್ಯತ್ಯಾಸವೇ ಕಾಣದು. ನನ್ನ ನಿದ್ದೆ ಹೋಯಿತು. ಮಳೆನೀರು ಪಕ್ಕದ ಮಡಿಯಿಂದ ಗೊಬ್ಬರ ಕೊಚ್ಚಿ ತಂದಿರಬೇಕು ಎಂದು ನಡುವೆ ಕಾಲುವೆ ತೋಡಿಸಿದೆ. ಹಿಂದಿನ ವರ್ಷ ಅಲ್ಲಿ ಕುರಿಮಂದೆ ತರುಬಿದ್ದರೇ ಎಂದು ಊರೆಲ್ಲ ವಿಚಾರಿಸಿದೆ. ನೀರು ಬಿಡುತ್ತಿದ್ದವರು ಹಾಲಮ್ಮನವರ ಯಜಮಾನರು, ಬಸವಣ್ಣೆಪ್ಪ. ಅವರಿಗೆ, “ನೀವು ಮಡಿಯಿಂದ ಮಡಿಗೆ ನೀರು ಹಾಯಿಸ್ತಿದೀರಿ,” ಎಂದು ಜೋರು ಮಾಡಿದೆ. ಆ ಮನುಷ್ಯ ಹೆಗಲ ಮೇಲಿನ ಸಲಿಕೆ ಇಳಿಸಿ, “ಜಗಳೂರೋರು ಅಂತ ಕೇಳಿದ್ದೆ, ಈಗ ಗೊತ್ತಾತು,” ಎಂದು ಹೇಳಿ ಮತ್ತೆ ಸಲಿಕೆ ಎತ್ತಿಕೊಂಡು ಹೋದರು. ಹಾಲಮ್ಮ ಅಷ್ಟು ಹೊತ್ತೂ ಕಳೆ ಕೀಳುತ್ತ ತಲೆ ಎತ್ತಲಿಲ್ಲ.

ಕಾಯಿ ಹಿಡಿದ ಮೇಲೆ ಸಾಹೇಬರು ಕ್ಷೇತ್ರೋತ್ಸವದ ದಿನ ಗೊತ್ತುಮಾಡಿದರು. ಶನಿವಾರ ಸುತ್ತಲಿನ ರೈತರನ್ನು ಕರೆದು ಮಡಿಗಳನ್ನು ತೋರಿಸುವುದು. ಬೋರ್ಡು ನೆಡಿಸಬೇಕಿತ್ತು ಎಂದು ನಾನು ಬುಧವಾರ ಬೆಳಿಗ್ಗೆಯೇ ಹೊರಟೆ. ನಾನು ಬುಧವಾರ ಯಾವತ್ತೂ ಹೋದವಳಲ್ಲ. ಎಳೆ ಬಿಸಿಲು. ಸೈಕಲ್ಲನ್ನು ಬೇಲಿಗೆ ಒರಗಿಸುವಾಗ ದನಿ ಕೇಳಿಸಿತು. ಹಾಲಮ್ಮ ಒಂದನೇ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಗೊಬ್ಬರದ ಪುಟ್ಟಿ. ಬುಡಕ್ಕೊಂದು ಹಿಡಿ ಹಾಕಿ ಮಣ್ಣು ಮುಚ್ಚುತ್ತ, ಗಿಡಗಳ ಜೊತೆ ಮಾತಾಡುತ್ತಿದ್ದರು.

“ತಗಳಪ್ಪ, ನೀನೂ ಉಣ್ಣು. ಆ ಹುಡುಗಿ ಶುಕ್ರವಾರ ಬರ್ತಾಳೆ. ಆಕೆ ಮುಂದೆ ಜಾಸ್ತಿ ಬೆಳೀಬ್ಯಾಡ, ಒಂಚೂರು ಬಗ್ಗಿ ನಿಂತ್ಕ.”

ಇವತ್ತು ಅದನ್ನು ನೆನೆದರೆ ನಗು ಬರುತ್ತದೆ, ಕಣ್ಣೂ ತುಂಬುತ್ತದೆ. ಅವತ್ತು ತಲೆಗೆ ಬೆಂಕಿ ಹತ್ತಿತು. ಕೇಳಿದರೆ ಅವರು ಏನನ್ನೂ ಮುಚ್ಚಿಡಲಿಲ್ಲ. ನನ್ನ ಪೊಟ್ಟಣದ ಯೂರಿಯಾವನ್ನೂ ಬಿಚ್ಚಿ ನಾಲ್ಕು ಮಡಿಗೂ ಸಮ ಹಂಚಿದ್ದರು. ತಿಪ್ಪೆಗೊಬ್ಬರವನ್ನೂ ಹಾಗೆಯೇ, ಮಡಿಗಿಷ್ಟು ಪುಟ್ಟಿ.

“ನಾಲ್ಕು ಸರ್ತಿ ಹೇಳಿದ್ನಲ್ಲ ದೊಡ್ಡಮ್ಮ, ಇದಕ್ಕೆ ಏನೂ ಹಾಕಂಗಿಲ್ಲ ಅಂತ!”

“ಹೇಳಿದ್ದೆ ಕಣವ್ವ. ನಾನೂ ಒಂದು ತಿಂಗಳು ತಡಕಂಡೆ. ಮೂರು ಮಂದಿಗೆ ಬಡಿಸಿ ನಾಲ್ಕನೇನ ಮುಂದೆ ಬರಿಗೈಲಿ ಹೋಗಾಕೆ ನನ್ನ ಕಾಲು ಬರಲಿಲ್ಲ. ಒಂದೇ ಸಾಲಲ್ಲಿ ಕೂಡ್ಸಿಬಿಟ್ಟೀಯಲ್ಲ ನೀನು.”

“ಗಿಡಕ್ಕೇನ್ರೀ ಪಂಕ್ತಿ? ನಿಮ್ಮ ದೆಸೆಯಿಂದ ನನ್ನ ನೌಕರಿ ಹೋಯ್ತು! ಶನಿವಾರ ಸಾಹೇಬ್ರಿಗೆ ಏನು ತೋರಿಸ್ಲಿ? ನಿಮ್ಮಂಥ ದಡ್ಡರ ಹೊಲಕ್ಕೆ ಬಂದಿದ್ದೇ ನನ್ನ ತಪ್ಪು.”

ಅಮ್ಮನ ವಯಸ್ಸಿನವರಿಗೆ ಆಡಬಾರದ ಮಾತು. ಆಡಿದೆ. ಹಾಲಮ್ಮನವರ ಕೈ ಮಣ್ಣಿನಲ್ಲೇ ನಿಂತಿತು. ನನಗೆ ನೌಕರಿ ಗಟ್ಟಿಯಾಗಿಲ್ಲ ಎಂಬುದೇ ಅವರಿಗೆ ಗೊತ್ತಿರಲಿಲ್ಲ. “ನೌಕರಿ ಹೋಗ್ತೈತಾ?” ಎಂದು ಒಂದೇ ಮಾತು ಕೇಳಿದರು. ನಾನು ಸೈಕಲ್ ಹತ್ತಿದೆ.

ಮುಂದೆ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಆ ದಿನವೇ ಕೋಣೆಯಲ್ಲಿ ಕೂತು ಹೊಸ ಪುಸ್ತಕದಲ್ಲಿ ಅಂಕಿಗಳನ್ನು ಬರೆದೆ. ಹೇಗೆ ಬರಬೇಕಿತ್ತು ಎಂದು ನನಗೆ ಗೊತ್ತಿತ್ತಲ್ಲ. ಒಂದನೇ ಮಡಿಗೆ ಎಲ್ಲಕ್ಕಿಂತ ಕಡಿಮೆ ಇಳುವರಿ, ಎರಡಕ್ಕೆ ಅದಕ್ಕಿಂತ ಮೇಲು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರೆದು, ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಅಕ್ಷರ ಬಹಳ ಚೆನ್ನಾಗಿ ಬಂತು.

ಶನಿವಾರ ನಲವತ್ತು ಐವತ್ತು ಜನ ರೈತರು ಸೇರಿದ್ದರು. ಸಾಹೇಬರು ಜೀಪಿನಿಂದ ಇಳಿದು, ನನ್ನ ಪುಸ್ತಕ ತೆಗೆದುಕೊಂಡು, ಮಡಿಗಳ ಮುಂದೆ ನಿಂತು ಜೋರಾಗಿ ಓದತೊಡಗಿದರು. “ಒಂದನೇ ಮಡಿ. ಯಾವ ಗೊಬ್ಬರವೂ ಇಲ್ಲ. ಗಿಡ ಗಿಡ್ಡ, ಎಲೆ ಹಳದಿ, ಕಾಯಿ ವಿರಳ.” ಎಲ್ಲರೂ ಒಂದನೇ ಮಡಿ ನೋಡಿದರು. ಸೊಂಟದೆತ್ತರದ ಗಿಡ, ಗೊಂಚಲು ಗೊಂಚಲು ಕಾಯಿ. ಯಾರೋ ಹಿಂದಿನಿಂದ ಕೂಗಿದರು. “ಮೇಡಮ್ಮೋರೆ, ನಿಮ್ಮ ಪುಸ್ತಕದಾಗೆ ಬತ್ತಿರೋ ಗಿಡ ಇಲ್ಲಿ ಕಾಯಿ ಬಿಟ್ಟೈತಲ್ರೀ!” ನಗೆ ಎದ್ದಿತು. ಸಾಹೇಬರು ಓದುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

ಆಗ ಹೆಂಗಸರ ಗುಂಪಿನಿಂದ ಹಾಲಮ್ಮ ಮುಂದೆ ಬಂದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಗಂಡಸರೆಲ್ಲ ನಿಂತಿದ್ದ ಕಡೆ ಸಾಹೇಬರ ಎದುರೇ ನಿಂತರು. “ತಪ್ಪು ನಂದು ಸಾಹೇಬ್ರೆ. ಹಾಕಬ್ಯಾಡ ಅಂತ ಆಕೆ ಹೇಳಿದ್ಲು. ನಾನೇ ಕದ್ದು ಹಾಕೀನಿ. ಆ ಹುಡುಗಿ ಬರ್ದಿರೋದು ಸುಳ್ಳಲ್ಲ. ನಾನು ಹಾಕದೇ ಇದ್ದಿದ್ರೆ ಹಂಗೇ ಆಗಿರೋದು.”

ಸಾಹೇಬರು ಪುಸ್ತಕ ಮುಚ್ಚಿದರು. ಆಮೇಲೆ ಅವರು ರೈತರಿಗೆ ಬೀಜೋಪಚಾರದ ಬಗ್ಗೆ ಏನೋ ಹೇಳಿ ಸಭೆ ಮುಗಿಸಿದರು. ಜೀಪು ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು. “ಆಯಮ್ಮ ಯಾಕೆ ಹಾಗೆ ಮಾಡಿದ್ರು ಅಂತ ನನಗೆ ಅರ್ಥ ಆಯ್ತು. ನೀವು ಯಾಕೆ ಹೀಗೆ ಮಾಡಿದ್ರಿ ಅನ್ನೋದು ಅರ್ಥ ಆಗಲಿಲ್ಲ,” ಎಂದರು. ನಾನು ಅಳುತ್ತಿದ್ದೆ. ಅವರು ಛತ್ರಿಯ ತುದಿಯಿಂದ ನೆಲ ಕೆದಕಿದರು. “ಹಿಂಗಾರಿನಲ್ಲಿ ಇನ್ನೊಂದು ಬೆಳೆ ಮಾಡಿ. ಕಂಡಿದ್ದನ್ನ ಮಾತ್ರ ಬರೀರಿ. ಅದೂ ಹೀಗೇ ಆದರೆ ನಾನು ಶಿಫಾರಸು ಮಾಡೋಕೆ ಆಗಲ್ಲ.”

ಆ ಪುಸ್ತಕವನ್ನು ಅವರು ನನಗೇ ವಾಪಸು ಕೊಟ್ಟರು. ಕೋಣೆಗೆ ಹೋಗಿ ಹರಿದು ಒಲೆಗೆ ಹಾಕಿದೆ.

ಮತ್ತೆ ಹಾಲಮ್ಮನವರ ಹತ್ತಿರ ಹೋಗುವ ಮುಖ ನನಗಿರಲಿಲ್ಲ. ಬೇರೆ ಊರಿನಲ್ಲಿ ಜಾಗ ಹುಡುಕುತ್ತಿದ್ದೆ. ದೀಪಾವಳಿ ಮುಗಿದ ಎರಡನೆಯ ದಿನ ನ್ಯಾಮತಿಯ ನನ್ನ ಕೋಣೆಯ ಬಾಗಿಲಲ್ಲಿ ಅವರೇ ನಿಂತಿದ್ದರು. ಎರಡು ಮೈಲಿ ನಡೆದು ಬಂದಿದ್ದರು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಒಳಗೆ ಹಬ್ಬದ ಹೋಳಿಗೆ. ನಾನು ಕಾಲು ಮುಟ್ಟಲು ಬಗ್ಗಿದರೆ ಭುಜ ಹಿಡಿದು ಎತ್ತಿದರು.

“ಬಾವಿ ಆ ಕಡೆ ಪಟ್ಟಿ ಉಳುಮೆ ಮಾಡ್ಸೀನಿ. ಸಸಿ ಮಡಿನೂ ಹಾಕೀನಿ. ಬಾ, ಅಳತೆ ಹಿಡಿ.”

“ಬ್ಯಾಡ ದೊಡ್ಡಮ್ಮ. ನಿಮ್ಮ ಕೈಲಿ ಆಗಲ್ಲ ಅದು.”

“ಆಗ್ತೈತೆ. ಈ ಸರ್ತಿ ಉಪಾಸ ಕೆಡವ್ತೀನಿ,” ಎಂದರು. “ಗಿಡಕ್ಕೆ ನಾಕು ತಿಂಗಳು ಉಪಾಸ. ನಿನಗಾದ್ರೆ ಜೀವಮಾನದ್ದು.”

ಹಿಂಗಾರಿನ ಆ ನಾಲ್ಕು ತಿಂಗಳು ನನಗೆ ಇನ್ನೂ ದಿನದಿನವೂ ನೆನಪಿದೆ. ಚಳಿಗಾಲದ ಬೆಳಗಿನಲ್ಲಿ ಇಬ್ಬನಿ ಬಿದ್ದ ಎಲೆ ಅಳೆದು ಅಳೆದು ಬೆರಳು ಮರಗಟ್ಟುತ್ತಿದ್ದವು. ಈ ಸಲ ಒಂದು ಚಿಟಿಕೆ ಗೊಬ್ಬರವೂ ದಾರಿ ತಪ್ಪಲಿಲ್ಲ. ಮೂರನೇ ಮಡಿ ಎಂದಿನಂತೆ ಮೊದಲು ಎದ್ದಿತು, ಮೊದಲ ಕೊಯ್ಲಿನಲ್ಲಿ ಪುಟ್ಟಿ ಪುಟ್ಟಿ ಕಾಯಿ ಕೊಟ್ಟಿತು. ಆದರೆ ಅದರ ಮೆತ್ತನೆಯ ಚಿಗುರಿಗೆ ಹುಳವೂ ಮೊದಲು ಬಿತ್ತು, ಮಾಘ ಕಳೆದು ಬಿಸಿಲು ಏರಿದಾಗ ಮಧ್ಯಾಹ್ನಕ್ಕೆ ಸರಿಯಾಗಿ ಎಲೆ ಜೋಲುಬಿಡುತ್ತಿತ್ತು. ತಿಪ್ಪೆಗೊಬ್ಬರದ ಎರಡನೇ ಮಡಿ ತಡವಾಗಿ ಕಾಯಿ ಹಿಡಿಯಿತು, ಬಿಸಿಲಿನಲ್ಲೂ ತಲೆ ಎತ್ತಿ ನಿಂತಿತು, ಅದರ ಬುಡದ ಮಣ್ಣು ಕೆದಕಿದರೆ ಒಳಗೆ ತೇವವಿರುತ್ತಿತ್ತು. ನಾಲ್ಕನೇದು ಇಬ್ಬರ ಗುಣವನ್ನೂ ಪಡೆದ ಮಗುವಿನ ಹಾಗೆ, ಬೇಗ ಶುರುವಾಗಿ ಕೊನೆಯವರೆಗೂ ಕೊಟ್ಟಿತು. ಸರ್ಕಾರಿ ಗೊಬ್ಬರವೇ ದೇವರು ಎಂದು ಸಾರಲು ಬಂದಿದ್ದ ನಾನೂ ತಿಪ್ಪೆಯ ಹತ್ತಿರ ಮೂಗು ಮುಚ್ಚುವುದನ್ನು ಬಿಟ್ಟೆ. ಹಾಲಮ್ಮನವರೂ ಯೂರಿಯಾವನ್ನು ಚಿಟಿಕೆಯಲ್ಲಿ ಹಿಡಿದು, “ಇದೂ ಪಾಪ, ತನ್ನ ಕೈಲಾದಷ್ಟು ಮಾಡ್ತೈತೆ,” ಎನ್ನುವಷ್ಟು ಮೆತ್ತಗಾದರು.

ಒಂದನೇ ಮಡಿ ಸೊರಗಿತು. ಕೆಳಗಿನ ಎಲೆಗಳು ಹಳದಿಯಾಗಿ ಒಂದೊಂದೇ ಉದುರಿದವು. ಕಂಡಿದ್ದನ್ನು ಕಂಡ ಹಾಗೆ ಬರೆದೆ. ಆ ಪುಸ್ತಕ ನೋಡಿ ಸಾಹೇಬರು ಶಿಫಾರಸು ಬರೆದರು, ನನ್ನ ನೌಕರಿ ಗಟ್ಟಿಯಾಯಿತು.